ನೆಂಟರಿಗೆ ನೀರು

“ಬಗ್ಗಿ ಬೊಗಸೆ ಒಡ್ಡೇ, ಚೆನ್ನಿ.”

ಮಂಗಳಗೌರಿ ಜಗಲಿಯ ಮೇಲೆ ನಿಂತು ನೀರಿನ ಚೊಂಬು ಎತ್ತಿ ಹಿಡಿದಳು. ಕೆಳಗೆ ಅಂಗಳದಲ್ಲಿ ಚೆನ್ನಿ ಬಗ್ಗಿದಳು. ಇಬ್ಬರೂ ಸ್ಕೂಲಿನಿಂದ ಬಿಸಿಲಲ್ಲಿ ಓಡಿ ಬಂದಿದ್ದರು.

“ಮೇಲಿಂದ ಉಯ್ಯವ್ವ, ಚೊಂಬು ತಾಕೀತು!” ಒಳಗಿನಿಂದ ಅವ್ವ ಪುಟ್ಟಮಲ್ಲಮ್ಮನ ದನಿ ಬಂತು.

ಗೌರಿ ಚೊಂಬನ್ನು ಇನ್ನಷ್ಟು ಎತ್ತಿದಳು. ಅರ್ಧ ನೀರು ಬೊಗಸೆಗೆ, ಇನ್ನರ್ಧ ಚೆನ್ನಿಯ ಮೂಗಿಗೆ, ಲಂಗಕ್ಕೆ. ಚೆನ್ನಿ ಕಿಲಕಿಲ ನಕ್ಕಳು. ಗೌರಿಯೂ ನಕ್ಕಳು. ಕಾಡುಜನರ ಹಾಡಿಯಿಂದ ಯಾರು ಬಂದರೂ ಆ ಮನೆಯಲ್ಲಿ ನೀರು ಕೊಡುತ್ತಿದ್ದದ್ದೇ ಹಾಗೆ. ಯಾಕೆ ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ.

ಇಬ್ಬರೂ ನಾಲ್ಕನೇ ಕ್ಲಾಸು. ಸ್ಲೇಟು ಒರೆಸುವುದಕ್ಕೂ ಇಬ್ಬರಿಗೆ ಒಂದೇ ಬಟ್ಟೆ. ಚೆನ್ನಿಯ ಹಾಡಿ ಹೊಲಗಳ ಆಚೆ, ಕಾಡಿನ ಅಂಚಿನಲ್ಲಿತ್ತು. ಅವ್ವ ಸರಗೂರಿಗೆ ಹೋಗಿದ್ದ ಒಂದು ಶನಿವಾರ ಗೌರಿ ಯಾರಿಗೂ ಹೇಳದೆ ಅಲ್ಲಿಗೆ ಹೋದಳು.

ಬಳ್ಳಿಯ ಜೋಕಾಲಿಯಲ್ಲಿ ಜೀಕಿ ಜೀಕಿ ಬಾಯಿ ಒಣಗಿತು. ಹಾಡಿಯ ಮಕ್ಕಳು ಗುಡಿಸಲ ಮುಂದಿನ ಮಡಕೆಯಿಂದ ಸೋರೆ ಬುರುಡೆಯಲ್ಲಿ ನೀರು ಮೊಗೆದು ಗಟಗಟ ಕುಡಿದರು. ಗೌರಿಯೂ ಬುರುಡೆಗೆ ಕೈ ಚಾಚಿದಳು.

“ತಡಿ ಮಗ, ತಡಿ!” ಚೆನ್ನಿಯ ಅಜ್ಜಿ ಕುಳ್ಳಮ್ಮ ಓಡೋಡಿ ಬಂದಳು. “ನಮ್ ಐಕ್ಳಂಗೆ ನಿಂಗೆ ಕೊಡಾಕಾಯ್ತದಾ? ನಿಮ್ಮನೇಲಿ ನೆಂಟ್ರಿಗೆ ಎಂಗೆ ನೀರು ಕೊಡ್ತಾರೆ ಅಂತ ಚೆನ್ನಿ ಏಳವ್ಳೆ. ಬಗ್ಗು, ಬೊಗಸೆ ಒಡ್ಡು.”

ಗೌರಿ ಬಗ್ಗಿದಳು. ಅಜ್ಜಿ ಬುರುಡೆಯನ್ನು ಕೈ ಎಟಕುವಷ್ಟು ಮೇಲೆ ಎತ್ತಿ, ಬಲು ಜೋಪಾನವಾಗಿ ಸುರಿದಳು. ನೀರು ಮೂಗಿಗೆ ನುಗ್ಗಿತು, ಮೊಣಕೈಯಿಂದ ಇಳಿದು ಫ್ರಾಕು ತೊಯ್ದಿತು. ಬಾಯಿಗೆ ಸಿಕ್ಕಿದ್ದು ಎರಡೇ ಗುಟುಕು. ಪಕ್ಕದಲ್ಲಿ ಚೆನ್ನಿ ಕಿಲಕಿಲ ನಗುತ್ತಿದ್ದಳು.

“ಸರಿಯಾಗಿ ಉಯ್ದ್ನಾ ಮಗ?” ಅಜ್ಜಿ ಆಸೆಯಿಂದ ಕೇಳಿದಳು.

ಗೌರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಗೆ ಅಳುವೇ ಬಂದುಬಿಟ್ಟಿತು.

“ಅಜ್ಜೀ... ಅದು ನೆಂಟ್ರಿಗಲ್ಲ.”

“ಮತ್ತೆ?”

“ನೆಂಟ್ರಿಗೆ ಲೋಟದಲ್ಲಿ ಕೊಡ್ತೀವಿ.”

ಚೆನ್ನಿಯ ನಗು ನಿಂತಿತು. ಅಜ್ಜಿ ಬುರುಡೆ ಕೆಳಗಿಳಿಸಿದಳು. ಆಮೇಲೆ ಸೆರಗಿನಿಂದ ಗೌರಿಯ ಮುಖ ಒರೆಸಿ, ಬುರುಡೆ ತುಂಬಿ ಅವಳ ಕೈಗೇ ಕೊಟ್ಟಳು.

“ಕುಡಿ ಮಗ. ಬಾಯಾರಿದ್ದೀಯೆ.”

ಸೋಮವಾರ ಚೆನ್ನಿ ಗೌರಿಯ ಪಕ್ಕ ಕೂರಲಿಲ್ಲ. ಬಟ್ಟೆ ಕೇಳದೆ ಸ್ಲೇಟನ್ನು ಲಂಗದಲ್ಲೇ ಒರೆಸಿಕೊಂಡಳು.

“ಸಾಯಂಕಾಲ ಮನೆಗೆ ಬಾರೇ,” ಗೌರಿ ಗೋಗರೆದಳು.

“ನಿಮ್ಮನೇಗಾ? ನಾ ಒಲ್ಲೆ.”

“ಒಂದೇ ಒಂದ್ಸಲ ಕಣೇ.”

ಕೈ ಹಿಡಿದು ಎಳೆದುಕೊಂಡೇ ಬಂದಳು. ಚೆನ್ನಿ ಅಂಗಳದಲ್ಲಿ ನಿಂತಳು. ಗೌರಿ ಒಳಗಿನಿಂದ ತನ್ನ ಹೆಸರು ಕೆತ್ತಿದ ಲೋಟದ ತುಂಬ ನೀರು ತಂದಳು. ಅಷ್ಟರಲ್ಲಿ ಚೆನ್ನಿ ತಲೆ ತಗ್ಗಿಸಿ ಬೊಗಸೆ ಒಡ್ಡಿದ್ದಳು. ಗೌರಿ ಅಂಗಳಕ್ಕೆ ಇಳಿದು, ಆ ಬೊಗಸೆಯೊಳಗೆ ಲೋಟ ಇಟ್ಟಳು.

“ಗೌರೀ! ಏನೇ ಅದು?” ಬಾಗಿಲಲ್ಲಿ ಅವ್ವ.

ಗೌರಿ ಅವ್ವನ ಕಡೆ ತಿರುಗಿದಳು. “ನೆಂಟ್ರು ಕಣವ್ವ,” ಅಂದಳು.

ಅವ್ವ ಬೈಯಲೆಂದು ಬಾಯಿ ತೆರೆದವಳು, ಚೆನ್ನಿ ಕುಡಿಯುವುದನ್ನು ನೋಡುತ್ತ ಹಾಗೇ ನಿಂತಳು.

ಚೆನ್ನಿ ಒಂದೇ ಉಸಿರಿಗೆ ಲೋಟ ಖಾಲಿ ಮಾಡಿ, ತುಟಿ ಒರೆಸಿಕೊಂಡು ಮತ್ತೆ ಚಾಚಿದಳು. “ಇನ್ನೊಂದು ಲೋಟ ಕೊಡೇ.”

ಅವತ್ತು ಬೊಗಸೆಯಲ್ಲಿ ಕುಡಿದು ನಗುನಗುತ್ತ ಹೋದ ಚೆನ್ನಿ ಬಾಯಾರಿಕೊಂಡೇ ಹೋಗಿದ್ದಳು. ಗೌರಿಗೆ ಅದು ಈಗ ಗೊತ್ತಾಯಿತು. ಲೋಟ ಹಿಡಿದು, ಅವ್ವನ ಪಕ್ಕದಲ್ಲೇ ನುಸುಳಿ ಒಳಗೆ ಓಡಿದಳು.