ವಾಸಿಯಾಗಲು ಮನಸ್ಸಿಲ್ಲದವಳು

"ತಲೆಯ ಭಾರ ನನ್ನ ಕೈಗೆ ಬಿಡಿ."

"ಬಿಟ್ಟಿದೀನಲ್ಲ!"

"ಇಲ್ಲ... ಇನ್ನೂ ನೀವೇ ಹಿಡ್ಕೊಂಡಿದೀರಿ."

ಅವಳು ಅಂಗಾತ ಮಲಗಿದ್ದಳು. ತಲೆಯ ಕೆಳಗೆ ಅವನ ಎರಡು ಅಂಗೈಗಳು ತೊಟ್ಟಿಲಿನ ಹಾಗೆ ಕೂಡಿಕೊಂಡಿದ್ದವು. ಬಿಡಬೇಕೆಂದು ಅವಳಿಗೂ ಆಸೆಯೇ. ಆದರೆ ಅಮ್ಮ ತೀರಿಕೊಂಡ ಮೇಲೆ ಯಾವ ಭಾರವನ್ನೂ ಇನ್ನೊಬ್ಬರ ಕೈಗೆ ಕೊಟ್ಟು ಅಭ್ಯಾಸವಿರಲಿಲ್ಲ ಅವಳಿಗೆ. ಕತ್ತು ಬಿಗಿದುಕೊಂಡೇ ಇತ್ತು.

ಅವನು ಅವಸರ ಮಾಡಲಿಲ್ಲ. ಬೆದರಿದ ಕರು ಹತ್ತಿರ ಬರಲೆಂದು ಕಾಯುವವನಂತೆ ಸುಮ್ಮನೆ ಕಾದ.

ಸ್ವಲ್ಪ ಹೊತ್ತಿಗೆ ಅವಳಿಗೇ ತಿಳಿಯದೆ ಉಸಿರು ಇಳಿಯಿತು. ತಲೆ ಅವನ ಅಂಗೈಯೊಳಗೆ ಮೆಲ್ಲಗೆ ಕೂತಿತು. ಅವನ ಕೈ ಚೂರು ತಿರುಗಿತು, ಅಷ್ಟೇ. ಲಟ್!

"ಅಯ್ಯೋ! ಮುರೀತಾ?"

"ಮೂಳೆ ಅಲ್ಲಮ್ಮ. ಕೀಲಿನೊಳಗಿನ ಗಾಳಿಯ ಗುಳ್ಳೆ ಸದ್ದು ಅದು. ಬೆರಳು ಲಟಿಕೆ ತೆಗೆಯಲ್ವಾ, ಹಾಗೇ."

ಅದಕ್ಕೇ ಇರಬೇಕು, ಕೈಯಿಂದಲೇ ಕೀಲು ಸರಿಪಡಿಸುವ ಅವನನ್ನು ಆ ಬೀದಿಯವರೆಲ್ಲ ಕೈರೋಪ್ರಾಕ್ಟರ್ ಅನ್ನಲು ನಾಲಿಗೆ ಹೊರಳದೆ 'ಲಟಿಕೆ ಡಾಕ್ಟ್ರು' ಎಂದೇ ಕರೆಯುತ್ತಿದ್ದದ್ದು.

ಮುಟ್ಟುವ ಮೊದಲೇ ಅವನು ಅವಳ ಕತ್ತುನೋವಿನ ಬಗ್ಗೆ ಎಲ್ಲ ವಿಚಾರಿಸಿದ್ದ. ಕೈ ಜೋಮು ಹಿಡಿಯುತ್ತದೆಯೇ, ತಲೆ ಸುತ್ತುತ್ತದೆಯೇ, ಎಲ್ಲಾದರೂ ಬಿದ್ದದ್ದುಂಟೇ... ತನ್ನ ಬೆರಳನ್ನು ಅವಳ ಮುಷ್ಟಿಗೆ ಕೊಟ್ಟು, "ಗಟ್ಟಿಯಾಗಿ ಹಿಡೀರಿ" ಎಂದು ಬಲ ನೋಡಿದ್ದ. ಆಮೇಲೆ ಒಂದು ಸ್ಟೂಲು ಎಳೆದು, "ಆಫೀಸಲ್ಲಿ ಹೇಗೆ ಕೂರ್ತೀರಿ, ತೋರಿಸಿ" ಎಂದಿದ್ದ.

ಅವಳು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಹೊಲಗಳ ಹಳೆಯ ನಕ್ಷೆಯ ಹಾಳೆ ಎಡಗಡೆ ಮೇಜಿನ ಮೇಲೆ. ಅದನ್ನು ನೋಡಿ ನೋಡಿ ಬದು, ಹಳ್ಳ, ಕಾಲುದಾರಿಗಳನ್ನೆಲ್ಲ ಎದುರಿನ ಕಂಪ್ಯೂಟರಿಗೆ ಇಳಿಸಬೇಕು. ಅವಳು ಕೂತು ಕತ್ತನ್ನು ಎಡಕ್ಕೆ ಬಾಗಿಸಿ ತೋರಿಸಿದಳು.

ಅವನು ನಕ್ಕುಬಿಟ್ಟ. "ದಿನವಿಡೀ ಪಕ್ಕದ ಮನೆ ಜಗಳ ಕೇಳಿಸ್ಕೊಳ್ಳೋರ ಹಾಗೆ ಕೂತಿರ್ತೀರಲ್ರೀ! ಕತ್ತು ಇನ್ನೇನು ಮಾಡ್ಬೇಕು ಪಾಪ?"

ಅವಳಿಗೂ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು!

ಹಾಳೆಯನ್ನು ಓರೆ ಹಲಗೆಯ ಮೇಲೆ ನಿಲ್ಲಿಸಿ ಪರದೆಯ ಕೆಳಗೆ, ಎದುರಿಗೇ ಇಟ್ಟುಕೊಳ್ಳಬೇಕೆಂದ. ಪರದೆ ಕಣ್ಣಿನ ಮಟ್ಟಕ್ಕೆ ಬರಬೇಕೆಂದ. ನೋವು ಬಂದ ಮೇಲಲ್ಲ, ಬರುವ ಮುಂಚೆಯೇ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕೆಂದ. ಗಲ್ಲವನ್ನು ಹಿಂದಕ್ಕೆಳೆದು ಹಿಡಿದು ಬಿಡುವ ಒಂದು ವ್ಯಾಯಾಮ ಕಲಿಸಿದ.

"ನನ್ನ ಕೈ ಬಿಗಿ ಸಡಿಲಿಸುತ್ತೆ ಅಷ್ಟೆ. ಮಿಕ್ಕಿದ್ದೆಲ್ಲ ನೀವು ಕೂರೋದು, ಏಳೋದರಲ್ಲೇ ಇರೋದು."

ವಾರಕ್ಕೊಮ್ಮೆ, ಬುಧವಾರ ಸಂಜೆ, ಅವಳು ಹೋಗತೊಡಗಿದಳು. ಮೊದಲು ತಲೆನೋವು ಹೋಯಿತು. ಆಮೇಲೆ ಬಲಗಡೆಗೂ ಕತ್ತು ತಿರುಗತೊಡಗಿತು. ನೊಗ ಇಳಿಸಿದ ಎತ್ತಿನ ಹೆಗಲಿನಂತೆ ಅವಳ ಭುಜಗಳು ಹಗುರಾದವು.

ಆಗಲೇ ಒಂದು ಬುಧವಾರ, ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದಾಗ, ಒಳಗಿನಿಂದ ಅವನ ದನಿ ಕೇಳಿಸಿತು. ಸೊಂಟ ಹಿಡಿದುಕೊಂಡು ಬರುತ್ತಿದ್ದ ಬ್ಯಾಂಕಿನ ಗುಮಾಸ್ತರಿಗೆ ಅವನು ಹೇಳುತ್ತಿದ್ದ:

"ವಾಸಿಯಾಯ್ತು ಸಾರ್! ಇನ್ನು ನೀವು ಇಲ್ಲಿಗೆ ಬರಬೇಕಾಗಿಲ್ಲ!"

ಎಂಥ ಸಂತೋಷವಿತ್ತು ಆ ದನಿಯಲ್ಲಿ! ಗುಮಾಸ್ತರು ನಗುತ್ತ ಹೊರಬಂದರು. ಅವಳ ಎದೆ ಮಾತ್ರ ಧಸಕ್ಕೆಂದಿತು.

ಮುಂದಿನ ಬುಧವಾರ ಬೆಳಿಗ್ಗೆ ಎದ್ದಾಗ ಕತ್ತಿನಲ್ಲಿ ನೋವೇ ಇರಲಿಲ್ಲ. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಬೆರಳಿನಿಂದ ಒತ್ತಿ ನೋಡಿದಳು.

'ಅಯ್ಯೋ... ಹೋಗಿಬಿಟ್ಟಿತೇ?'

ಕಳೆದುಹೋದ ಒಡವೆಯನ್ನು ಹುಡುಕುವವಳಂತೆ ಅವಳು ನೋವನ್ನು ಹುಡುಕಿದಳು.

ಆ ಸಂಜೆ ಅವನು ಬೆರಳಿಟ್ಟು, "ಇಲ್ಲಿ?" ಎಂದಾಗ ಅವಳೆಂದಳು: "ಹೂಂ... ಇನ್ನೂ ಇದೆ."

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

"ಏನೇ ಕತ್ತುನೋವಿನವಳೇ, ಅಟ್ಟದ ಮೇಲಿಂದ ಆ ದೊಡ್ಡ ಡಬ್ಬ ಇಳಿಸಿದ್ಯಾರು?"

"ನಾನೇ ಅತ್ತಿಗೆ."

"ಹಾಗಾದ್ರೆ ನಿನ್ನ ನೋವು ಬುಧವಾರ ಮಾತ್ರ ಬರುತ್ತಾ?"

"ಸುಮ್ನಿರಿ ಅತ್ತಿಗೆ!"

"ನಾನು ಸುಮ್ನಿರ್ತೀನಮ್ಮ. ಆದ್ರೆ ಡಾಕ್ಟ್ರಿಗೆ ಹೇಳು... ನೋವು ಕತ್ತಿಂದ ಇಳಿದು ಎಡಗಡೆ ಎದೆಗೆ ಬಂದು ಕೂತಿದೆ ಅಂತ!"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೇಳುವುದು ಹೇಗೆ? ಅವನು ಎಲ್ಲರ ನೋವನ್ನೂ ಹೀಗೇ ಕೇಳುತ್ತಾನೆ, ಎಲ್ಲರ ತಲೆಯನ್ನೂ ಹೀಗೇ ಹಿಡಿಯುತ್ತಾನೆ. ಅವನ ಪಾಲಿಗೆ ತಾನೂ ಒಂದು ಕತ್ತು, ಅಷ್ಟೇ ಅಲ್ಲವೇ?

ವಾರಗಳು ಕಳೆದಂತೆ ಅವನ ಮಾತು ಕಡಿಮೆಯಾಯಿತು. ನಗುವಂತೂ ನಿಂತೇಹೋಯಿತು. ಅವನ ಬೆರಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ತಡೆದು, ಹಿಂದೆ ಬರುತ್ತಿತ್ತು. ಒಂದು ದಿನ ಅವನು ಕೈ ತೊಳೆಯುತ್ತ, ಗೋಡೆಯ ಕಡೆಗೆ ನೋಡುತ್ತಲೇ ಹೇಳಿದ:

"ಇನ್ನು ನನ್ನ ಕೈಲಾಗಲ್ಲ. ಪೇಟೆಯ ಆ ಕಡೆ ನನಗೆ ಕಲಿಸಿದ ಮೇಡಂ ಇದಾರೆ. ಅವರ ಹತ್ರ ಹೋಗಿ. ಫೋನ್ ಮಾಡಿ ಹೇಳಿದೀನಿ."

"ನೀವೇ..."

"ದಯವಿಟ್ಟು."

ಅಷ್ಟೇ. ಅವನು ತಿರುಗಿ ನೋಡಲಿಲ್ಲ.

'ಸಾಕಾದೆ... ಅವರಿಗೆ ನಾನು ಸಾಕಾದೆ!' ದಾರಿಯುದ್ದಕ್ಕೂ ಅವಳು ಕಣ್ಣೊರೆಸಿಕೊಂಡಳು.

ಬುಧವಾರಗಳು ಬಂದವು, ಹೋದವು. ಕಚೇರಿಯಲ್ಲಿ ಯಾರದೋ ಹೊಲದ ಬದು ಎಳೆಯುತ್ತ ಎಳೆಯುತ್ತ ಅವಳ ಕೈ ನಿಂತುಬಿಡುತ್ತಿತ್ತು. ಕತ್ತು ಹಗುರಾಗಿತ್ತು, ಆ ಹಗುರವೇ ಅವಳಿಗೆ ಹೊರಲಾರದ ಭಾರವಾಗಿತ್ತು. ಕೊನೆಗೆ, ಅಲ್ಲಿ ಅವನ ಸುದ್ದಿಯಾದರೂ ಸಿಕ್ಕೀತು ಎಂಬ ಆಸೆಯಿಂದ ಅವಳು ಮೇಡಂ ಬಳಿಗೆ ಹೋದಳು.

ಮೇಡಂ ನರೆಗೂದಲಿನ, ದೊಡ್ಡ ದನಿಯ ಹೆಂಗಸು.

"ಇಲ್ಲಿ ನೋವಾ?"

"ಹೂಂ."

"ಇಲ್ಲಿ?"

"ಹೂಂ..."

"ನಾನು ಮುಟ್ಟಿದ್ದು ಮೊಣಕೈ ಕಣೇ! ಅದಕ್ಕೂ ಹೂಂ ಅಂತೀಯಲ್ಲ!"

ಅವಳು ತಲೆ ತಗ್ಗಿಸಿದಳು. ಮೇಡಂ ಎದುರು ಕುರ್ಚಿಯಲ್ಲಿ ಕೂತರು.

"ಈ ಕತ್ತಿಗೆ ಏನೂ ಆಗಿಲ್ಲ. ಅವನು ಅಚ್ಚುಕಟ್ಟಾಗಿ ಸರಿಮಾಡಿದಾನೆ. ನೀನ್ಯಾಕೆ ಸುಳ್ಳು ಹೇಳ್ದೆ ಅಂತ ನಾನು ಕೇಳಲ್ಲ, ನಿನ್ನ ಮುಖದಲ್ಲೇ ಕಾಣ್ತಿದೆ. ಆದ್ರೆ ಅವನೇನು ಮಾಡ್ತಿದಾನೆ ಗೊತ್ತಾ? ನಿನ್ನ ಕಳಿಸಿದ ಮೇಲೆ ಕತ್ತುನೋವು ಅಂತ ಬಂದೋರನ್ನೆಲ್ಲ ನನ್ನ ಹತ್ರವೇ ಸಾಗಹಾಕ್ತಿದಾನೆ. ನೋವು ರೋಗಿಯದು, ಇದೆ ಅಂದ್ರೆ ನಂಬಬೇಕು ಅಂತ ನಾನೇ ಕಲಿಸಿದ್ದು. ಅವನು ನಿನ್ನನ್ನ ನಂಬಿದ, ತನ್ನ ಬೆರಳನ್ನ ನಂಬೋದು ಬಿಟ್ಟ! ಈ ಕೆಲಸಾನೇ ಬಿಡ್ತೀನಿ ಅಂತ ಕೂತಿದಾನೆ."

ತನ್ನದೊಂದು ಸಣ್ಣ 'ಹೂಂ'... ಅದು ಅವನ ಅನ್ನಕ್ಕೇ, ಅವನ ಕೈಗಳಿಗೇ ಕುತ್ತಾಗಿತ್ತು!

ಹೇಳಿದರೆ ಅವನು ಮತ್ತೆಂದೂ ಮುಖ ನೋಡದಿರಬಹುದು. ಹೇಳದಿದ್ದರೆ...? ಅವಳು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟಳು.

ಅವನು ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಕಡಿಮೆ ಆಯ್ತಾ? ಮೇಡಂ ಹತ್ರ?"

"ನಿಮ್ಮ ಹತ್ರಾನೇ ವಾಸಿಯಾಗಿತ್ತು." ಎಂದುಬಿಟ್ಟಳು ಅವಳು. "ಯಾವತ್ತೋ ಆಗಿತ್ತು. ನಾನು... ಸುಳ್ಳು ಹೇಳ್ತಿದ್ದೆ."

"ಸುಳ್ಳಾ?" ಅವನು ತನ್ನ ಎರಡು ಕೈಗಳನ್ನೂ ನೋಡಿಕೊಂಡ. "ಮೊನ್ನೆ ಒಬ್ಬ ಟೈಲರಮ್ಮ ಬಂದಿದ್ರು. ಕತ್ತು ಅಲ್ಲಾಡಿಸೋಕೂ ಆಗದೆ ಅಳ್ತಿದ್ರು. ಮುಟ್ಟೋಕೆ ಧೈರ್ಯ ಬರದೆ ಆ ನೋವಲ್ಲೇ ಮೇಡಂ ಹತ್ರ ಕಳಿಸ್ದೆ... ಅದೇನು ಆಟ ಅಂದ್ಕೊಂಡ್ರಾ ನೀವು?"

"ಬೈಯಿರಿ. ಇನ್ನೂ ಬೈಯಿರಿ." ಕಣ್ಣೀರು ತಡೆಯದೆ ಹರಿಯಿತು. "ವಾಸಿಯಾದೋರಿಗೆಲ್ಲ ನಗ್‌ನಗ್ತಾ ಇನ್ನು ಬರಬೇಕಾಗಿಲ್ಲ ಅಂತೀರಿ. ಆ ಮಾತು ನನಗೂ ಹೇಳಿಬಿಟ್ರೆ ನಾನು ಎಲ್ಲಿಗೆ ಹೋಗ್ಲಿ?"

ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಅವನು ಮತ್ತೆ ಬೆಂಚಿನ ಮೇಲೆ ಕೂತ.

"ನಾನು ದಿನಾ ಬೇಡ್ಕೊಳ್ತಿದ್ದೆ... ನಿಮಗೆ ಬೇಗ ವಾಸಿಯಾಗ್ಲಿ ಅಂತ."

"ನಾನು ಬರೋದು ತಪ್ಪಲಿ ಅಂತಾನಾ?"

"ಅಲ್ಲ. ನಿಮ್ಮ ತಲೆ ನನ್ನ ಕೈಲಿರೋವರೆಗೂ ನನ್ನ ಮನಸ್ಸಿನ ಮಾತು ಆಡೋ ಹಾಗಿಲ್ಲ. ನಮ್ಮ ಕೆಲಸದಲ್ಲಿ ಅದು ಕಟ್ಟುನಿಟ್ಟು. ಬೆರಳು 'ಸರಿಹೋಗಿದೆ' ಅಂತಿತ್ತು, ನೀವು 'ಇಲ್ಲ' ಅಂತಿದ್ರಿ. ಆಸೆಗೆ ಬಿದ್ದು ನನ್ನ ಬೆರಳೇ ನನಗೆ ಬೇಕಾದ್ದನ್ನ ಹೇಳ್ತಿದೆ ಅಂದ್ಕೊಂಡೆ... ಅಂಥ ಕೈಯಿಂದ ಇನ್ನೊಬ್ಬರನ್ನ ಹೇಗೆ ಮುಟ್ಲಿ?"

ಅವಳು ಕಣ್ಣರಳಿಸಿ ನಿಂತಳು. ಅವನ ಬಳಿ ಬರುವುದು ತಪ್ಪಬಾರದೆಂದು ಅವಳು ನೋವನ್ನು ಹಿಡಿದುಕೊಂಡಿದ್ದಳು. ಅವಳ ಹತ್ತಿರ ಬರಬೇಕೆಂದೇ ಅವನು ಆ ನೋವು ಹೋಗಲೆಂದು ಕಾದಿದ್ದ!

"ಮೊದಲು ಮೇಡಂಗೆ ಫೋನ್ ಮಾಡಿ," ಎಂದಳು ಮೆಲ್ಲಗೆ. "ಆ ಟೈಲರಮ್ಮನ್ನ ನಾಳೇನೇ ವಾಪಸ್ ಕರೀರಿ."

ಅವನು ಫೋನ್ ಮಾಡಿದ. ಆ ಕಡೆಯಿಂದ ಮೇಡಂ ಬೈದದ್ದು ಅವಳಿಗೂ ಕೇಳಿಸಿತು. ಬೈಸಿಕೊಳ್ಳುತ್ತಲೇ ಅವನು ನಕ್ಕ. ಫೋನಿಟ್ಟು ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ. ಅವಳು ಕೂತಳು.

"ಇನ್ಮೇಲೆ ನನಗೆ ಸುಳ್ಳು ಹೇಳ್ಬೇಡಿ."

"ಇಲ್ಲ. ಆದ್ರೆ ಮುಂದೆ ಯಾವತ್ತಾದ್ರೂ ನಿಜವಾಗ್ಲೂ ಕತ್ತು ನೋವು ಬಂದ್ರೆ?"

"ಮೇಡಂ ಹತ್ರ ಹೋಗ್ಬೇಕು."

"ಮತ್ತೆ... ನೀವು?"

"ನಾನೂ ಬರ್ತೀನಿ. ನೀವು ಒಳಗಿರೋವಷ್ಟು ಹೊತ್ತೂ ಹೊರಗೆ ನಿಮ್ಮ ಚಪ್ಪಲಿ, ಚೀಲ ಕಾಯ್ತಾ ಕೂತಿರ್ತೀನಿ."