ಕತ್ತಲು ಕದ್ದವನ ಗುಹೆ

ಬಹಳ ಹಿಂದೆ, ಕೆಂಬೆಟ್ಟವೆಂಬ ರಾಜ್ಯದಲ್ಲಿ ಜಯಕೀರ್ತಿ ಎಂಬ ಅಂಜುಬುರುಕ ರಾಜನಿದ್ದ. ಕತ್ತಲಲ್ಲಿ ಶತ್ರುಗಳು ನುಗ್ಗುತ್ತಾರೆಂದು ಅವನಿಗೆ ಸದಾ ಭಯ. ಒಂದು ದಿನ ಉರಿಗಣ್ಣನೆಂಬ ಮಾಂತ್ರಿಕ ಅರಮನೆಗೆ ಬಂದ.

"ರಾಜಾ, ನಿನ್ನ ನಾಡಿನ ಕತ್ತಲನ್ನೂ ಮೌನವನ್ನೂ ನನಗೆ ಕೊಡು. ಆಮೇಲೆ ಯಾವ ಶತ್ರುವೂ ಕದ್ದು ಬರಲಾರ" ಎಂದ.

ರಾಜ ಕೊಟ್ಟುಬಿಟ್ಟ. ಮಾಂತ್ರಿಕ ಕತ್ತಲನ್ನು ಕಂಬಳಿಯಂತೆ ಸುತ್ತಿಕೊಂಡ, ಮೌನವನ್ನು ಶಂಖದೊಳಗೆ ತುಂಬಿಕೊಂಡ. ಆಕಾಶಕ್ಕೊಂದು ಬೆಂಕಿಯ ಚೆಂಡು ನೇತುಹಾಕಿ, ಕೋಟೆಯ ಮೇಲೆ ತಾನಾಗಿ ಬಡಿದುಕೊಳ್ಳುವ ಜಾಗಟೆಯನ್ನಿಟ್ಟು ಹೊರಟುಹೋದ.

ಅಂದಿನಿಂದ ನಾಡಿಗೆ ನಿದ್ದೆ ಇಲ್ಲವಾಯಿತು. ಜನ ಕಣ್ಣು ಮುಚ್ಚಿದರೆ ಬೆಳಕು ರೆಪ್ಪೆಯೊಳಗೆ ನುಗ್ಗುತ್ತಿತ್ತು, ಜಾಗಟೆ ಎದೆಯೊಳಗೆ ಬಡಿಯುತ್ತಿತ್ತು. ಜೊಂಪು ಹತ್ತುವುದು, ಬೆಚ್ಚಿ ಏಳುವುದು. ಮಲಗಿ ಎದ್ದವರು ಮಲಗದವರಿಗಿಂತ ಹೆಚ್ಚು ದಣಿದಿರುತ್ತಿದ್ದರು. ಕಮ್ಮಾರ ತನ್ನ ಕೈಯನ್ನೇ ಜಜ್ಜಿಕೊಂಡ. ಗಂಡ ಹೆಂಡತಿಯ ಹೆಸರು ಮರೆತ.

ಕುಂಬಾರರ ಕೇರಿಯಲ್ಲಿ ಸೋಮಲೆ ಎಂಬ ಹುಡುಗಿಯಿದ್ದಳು. ಅವಳಿಗೆ ತನ್ನವರೆಂದರೆ ಅಕ್ಕ ಮಾಚಲೆ, ಅಕ್ಕನ ಹಸುಗೂಸು. ಮಾಚಲೆಯ ಎದೆಹಾಲು ಬತ್ತಿತು. ಗೋಡೆಯೊಡನೆ ಮಾತಾಡತೊಡಗಿದಳು. ಒಮ್ಮೆ ಕೂಸನ್ನು ಗಡಿಗೆಯೆಂದು ತಿಳಿದು ಉರಿಯುವ ಒಲೆಯ ಮೇಲಿಡಹೋದಳು. ಸೋಮಲೆ ಓಡಿಬಂದು ಕಸಿದುಕೊಂಡಳು.

"ನನಗೇನಾಗ್ತಿದೆಯೇ?" ಮಾಚಲೆ ನೆಲಕ್ಕೆ ಕುಸಿದಳು. "ಒಂದೇ ಸಲ ಕಣ್ತುಂಬ ನಿದ್ದೆ ಬಂದರೆ ಸರಿಹೋಗ್ತೀನಿ."

"ತಂದುಕೊಡ್ತೀನಿ ಅಕ್ಕಾ. ಅಲ್ಲೀವರೆಗೆ ಜೀವ ಹಿಡ್ಕೊಂಡಿರು."

ಅಕ್ಕನನ್ನೂ ಕೂಸನ್ನೂ ನೆರೆಮನೆಯ ಅಜ್ಜಿಗೆ ಒಪ್ಪಿಸಿ, ಮಾಂತ್ರಿಕನನ್ನು ಹುಡುಕಿಕೊಂಡು ಸೋಮಲೆ ಹೊರಟಳು.

ಕಾಡಿನಲ್ಲಿ ರೆಪ್ಪೆಗಳಿಲ್ಲದ ಹುಲಿ ಅಡ್ಡ ನಿಂತಿತು. "ನಿನ್ನನ್ನು ತಿನ್ನುತ್ತೇನೆ" ಎಂದಿತು.

"ತಿನ್ನು. ಮೊದಲು ಆ ಉರಿಯುವ ಕಣ್ಣಿಗೆ ಬಟ್ಟೆ ಕಟ್ಟಲೇ?"

ಸೆರಗು ಹರಿದು ಕಟ್ಟಿದಳು. ಹುಲಿ ಅಲ್ಲೇ ಮಗುವಿನಂತೆ ಮಲಗಿಬಿಟ್ಟಿತು.

ಮುಂದೆ ಹೊಳೆಯೊಂದು ಅಡ್ಡ ಬಂತು. ಅದರ ನೀರು ಅಕ್ಕನ ದನಿಯಲ್ಲಿ ಅಳುತ್ತಿತ್ತು: "ಮನೆಗೆ ಬಾರೇ, ಒಬ್ಬಳಿಗೇ ಭಯವಾಗ್ತಿದೆ." ಸೋಮಲೆಯ ಕಾಲುಗಳು ಹಿಂದಕ್ಕೆ ತಿರುಗಿದವು. ಆದರೂ ದಡದ ಜೇಡಿಯನ್ನು ಕಿವಿಗೆ ಮೆತ್ತಿಕೊಂಡು, ಅಳುತ್ತಲೇ ಈಜಿ ದಾಟಿದಳು.

ಆಚೆಗೆ ಮಾಂತ್ರಿಕನ ಗುಹೆ. ಬಾಗಿಲಲ್ಲಿ ಒಂದು ಬಳ್ಳಿ ಆಗಷ್ಟೇ ಚಿಗುರಿತ್ತು. ಕಾವಲಿಗೆ ಯಾರೂ ಇರಲಿಲ್ಲ, ಕಾವಲು ಬೇಕಾಗಿಯೂ ಇರಲಿಲ್ಲ. ಒಳಗೆ ಒಂದು ನಾಡಿನ ಕತ್ತಲೆಲ್ಲ ತಂಪಾಗಿ ಹರಡಿತ್ತು, ಒಂದು ನಾಡಿನ ಮೌನವೆಲ್ಲ ತುಂಬಿತ್ತು. ಕಂಬಳಿ ಹೊದ್ದು, ಶಂಖವನ್ನು ತಲೆದಿಂಬು ಮಾಡಿಕೊಂಡು, ಉರಿಗಣ್ಣ ಗಾಢ ನಿದ್ದೆಯಲ್ಲಿದ್ದ. ಎಷ್ಟೋ ತಲೆಮಾರಿನಿಂದ ಅವನು ಹೀಗೆ ನಾಡುನಾಡಿನ ನಿದ್ದೆಯನ್ನು ಕದ್ದೇ ಬದುಕಿದ್ದ.

ಸೋಮಲೆ ಕೈ ಚಾಚಿದಳು. ನಿದ್ದೆಗೆಟ್ಟ ಕೈಯಿಂದ ಕಂಬಳಿಯ ಅಂಚು ಜಾರಿತು. ಕಿವಿಯ ಮಣ್ಣು ಉದುರಿತು. ಎಷ್ಟೋ ಕಾಲದ ಮೇಲೆ ಏನೂ ಕೇಳಿಸಲಿಲ್ಲ, ಏನೂ ಕಾಣಿಸಲಿಲ್ಲ. 'ಒಂದು ಗಳಿಗೆ ಮಾತ್ರ' ಎಂದುಕೊಂಡು ಕೂತಳು. ಮಲಗಿಬಿಟ್ಟಳು.

ಎಚ್ಚರವಾದಾಗ ಅವಳ ಕೈಗೆ ಕಸುವು ಬಂದಿತ್ತು, ಮನಸ್ಸು ತೊಳೆದಂತಿತ್ತು. ಒಂದೇ ಎಳೆತಕ್ಕೆ ಕಂಬಳಿ ಕಿತ್ತೆಸೆದಳು, ಶಂಖವನ್ನು ಬಂಡೆಗೆ ಅಪ್ಪಳಿಸಿದಳು. ಕತ್ತಲೂ ಮೌನವೂ ಹಕ್ಕಿಗಳಂತೆ ಊರಿನತ್ತ ಹಾರಿದವು. ಉರಿಗಣ್ಣ ಚೀರುತ್ತ ಎದ್ದ. ಕದ್ದ ನಿದ್ದೆಯಿಲ್ಲದೆ ಅವನ ಮುಪ್ಪೆಲ್ಲ ಒಟ್ಟಿಗೇ ಮೇಲೆ ಬಿತ್ತು. ನಿಂತಲ್ಲೇ ಬೂದಿಯಾದ.

ಹೊರಗೆ ಬಂದಳು. ಬಳ್ಳಿ ಹೂಬಿಟ್ಟು, ಕಾಯಾಗಿ, ಒಣಗಿಹೋಗಿತ್ತು. ಸೋಮಲೆ ಮಲಗಿದ್ದು ಗಳಿಗೆಯಲ್ಲ, ತಿಂಗಳುಗಟ್ಟಲೆ. ಊರಿನವರೆಗೂ ಓಡಿದಳು.

ಬಾಗಿಲಲ್ಲಿ ಅಜ್ಜಿ ಒಬ್ಬಳೇ ಕೂತಿದ್ದಳು.

"ನಿನ್ನಕ್ಕ ಮೊನ್ನೆ ತೀರಿಹೋದಳಮ್ಮಾ. ಕೊನೇವರೆಗೂ ದಾರಿ ನೋಡ್ತಿದ್ದಳು."

"ನಾನು ಮಲಗಿಬಿಟ್ಟೆ, ಅಜ್ಜೀ" ಎಂದಳು ಸೋಮಲೆ. "ನಾನು ಮಲಗಿಬಿಟ್ಟೆ."

ಅಜ್ಜಿ ಎದ್ದು ಒಳಗೆ ಹೋದಳು. ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು.

ಬೆಂಕಿಯ ಚೆಂಡು ಆರಿತ್ತು, ಜಾಗಟೆ ನಿಂತಿತ್ತು. ಅಂದು ಕೆಂಬೆಟ್ಟದ ರಾಜನಿಂದ ಕಮ್ಮಾರನವರೆಗೆ ಎಲ್ಲರೂ ಹಾಯಾಗಿ ಮಲಗಿದರು. ಆಮೇಲೆಯೂ ರಾತ್ರಿ ಮಲಗಿ, ಹಗಲು ದುಡಿದು, ಬಹುಕಾಲ ಸುಖವಾಗಿ ಬಾಳಿದರು. ಆದರೆ ಆ ಮೊದಲ ಇರುಳು ಸೋಮಲೆ ಮಾತ್ರ ಮಲಗಲಿಲ್ಲ. ಮಡಿಲಲ್ಲಿ ಕೂಸು ನಿದ್ದೆಹೋಗಿತ್ತು. ಅದು ಎಚ್ಚರವಾದೀತೆಂದು ಅವಳು ತುಟಿ ಕಚ್ಚಿ, ಸದ್ದಿಲ್ಲದೆ ಅತ್ತಳು.