ಕನ್ನಡಕದವರ ಕಾರು ಬೆಟ್ಟ ಹತ್ತಿದ್ದು

ಒಂದಕ್ಕೊಂದು ಸೇರುವುದಿಲ್ಲವೆಂದು ಊರಿನ ಮೆಕ್ಯಾನಿಕ್ಕುಗಳೆಲ್ಲ ತಲೆಯಾಡಿಸಿದ್ದ ಎರಡು ಯಂತ್ರಗಳನ್ನು ನಾನು ಸೇರಿಸಿದೆ. ಕಾರು ನಮ್ಮ ತಂದೆಯ ಕಾಲದ್ದು, ಎಂಜಿನ್ನು ಮೊನ್ನೆ ಮೊನ್ನೆ ಬಂದದ್ದು. ಎರಡರ ನಡುವೆ ನನ್ನ ಕೈಯಿಂದ ತಯಾರಾದ, ಹೆಬ್ಬೆರಳ ದಪ್ಪದ ಒಂದು ಅಲ್ಯುಮಿನಿಯಂ ಪ್ಲೇಟು. ಆಮೇಲೆ ಲೋಹ ಕಡೆಯುವ ಲೇತಿನ ಮುಂದೆಯೇ ಒಂದು ಆಯುಷ್ಯ ಕಳೆದಿದ್ದೇನೆ. ಹಡಗಿನ ಪಂಪುಗಳಿಗೂ ಮುದ್ರಣಯಂತ್ರಗಳಿಗೂ ಬಿಡಿಭಾಗ ಕಡೆದು ಕೊಟ್ಟಿದ್ದೇನೆ. ಆದರೂ ನೀವು ಸಾಧಿಸಿದ್ದೇನು ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸು ಇವತ್ತಿಗೂ ಮೊದಲು ಓಡುವುದು ಆ ಪ್ಲೇಟಿನ ಕಡೆಗೇ. ಇದರಲ್ಲಿ ಜಂಬವಿದೆ, ಇರಲಿ. ಈ ವಯಸ್ಸಿನಲ್ಲಿ ಅಷ್ಟು ಜಂಬ ನನಗೆ ಸಲ್ಲಬೇಕಾದದ್ದೇ.

ಆಗ ನಮ್ಮ ಅಪ್ಪನ ಕೈ ನಡುಗಲು ಆರಂಭಿಸಿತ್ತು. ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವರು ಗಿರಾಕಿಗಳನ್ನು ಮಾತಾಡಿಸುತ್ತಿದ್ದರು. ಒಳಗೆ ಲೇತಿನ ಕೆಲಸವೆಲ್ಲ ನನ್ನದು. ಬೀದಿಯವರು ನನ್ನನ್ನು ಲೇತಕ್ಕ ಎಂದೇ ಕರೆಯುತ್ತಿದ್ದರು. ಒಂದು ಮುಂಜಾನೆ, ಚಕ್ರದ ಸದ್ದು ಅಡಗಿದ ಕ್ಷಣದಲ್ಲಿ, ಹೊರಗಿನಿಂದ ಒಂದು ಮೆಲುದನಿ ಕೇಳಿಸಿತು.

"ಇಲ್ಲಿ ಬೇರೆ ಬೇರೆ ಕಡೆಯದನ್ನ ತಂದ್ರೂ ಜೋಡಿಸಿ ಕೊಡ್ತಾರಂತೆ, ಹೌದಾ?"

"ಹೆಣ್ಣು ಗಂಡು ಆದ್ರೆ ಇಲ್ಲ," ಎಂದರು ಅಪ್ಪ. "ಅದಕ್ಕೆ ಬೇರೆ ದಲ್ಲಾಳಿ ಇದ್ದಾರೆ. ಕಬ್ಬಿಣ ಆದ್ರೆ ಒಳಗೆ ಹೋಗಿ. ಯಜಮಾನ ನಾನು, ಕೆಲಸ ಮಾಡೋದು ಅವಳು."

ಬಂದವರು ಕನ್ನಡಕದವರು. ಪೇಟೆಯಲ್ಲಿ ಒಂದು ಇಕ್ಕಟ್ಟಾದ ಕೋಣೆ ಹಿಡಿದು ಕಣ್ಣು ಪರೀಕ್ಷೆ ಮಾಡುತ್ತಿದ್ದರು. ವಾರಕ್ಕೊಮ್ಮೆ ಹಳೆಯ ಕಾರಿನಲ್ಲಿ ಗಾಜುಗಳ ಪೆಟ್ಟಿಗೆ ತುಂಬಿಕೊಂಡು ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೋಗುತ್ತಿದ್ದರು. ಆ ಕಾರಿನ ಎಂಜಿನ್ನು ದಾರಿಯ ನಡುವೆಯೇ ಪ್ರಾಣ ಬಿಟ್ಟಿತ್ತು. ಕೈಯಲ್ಲಿದ್ದಷ್ಟನ್ನೂ ಸುರಿದು, ಹಿಂಬದಿ ಜಜ್ಜಿಹೋದ ಒಂದು ಹೊಸ ಕಾರಿನ ಎಂಜಿನ್ನನ್ನು ಗುಜರಿಯಲ್ಲಿ ಕೊಂಡಿದ್ದರು. ಅದರ ಗೇರ್‌ಬಾಕ್ಸು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಕೊಂಡರೂ ಹಳೆಯ ಕಾರಿನ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಆದ್ದರಿಂದ ಹೊಸ ಎಂಜಿನ್ನಿನ ಬೆನ್ನನ್ನು ಹಳೆಯ ಗೇರ್‌ಬಾಕ್ಸಿನ ಬಾಯಿಗೆ ಕೂಡಿಸಬೇಕು.

"ಕೂಡಿಸೋಕೆ ಆಗ್ಲಿಲ್ಲ ಅಂದ್ರೆ?" ಎಂದೆ.

"ನಮ್ಮ ಭಾವ ಸಮುದ್ರದ ಕಡೆ ದೊಡ್ಡ ಊರಲ್ಲಿ ಕನ್ನಡಕದಂಗಡಿ ಇಟ್ಟಿದ್ದಾರೆ. ಬಂದುಬಿಡು, ಇಲ್ಲಿ ಯಾಕೆ ಒದ್ದಾಡ್ತೀಯ ಅಂತಾರೆ. ತಿಂಗಳ ಕೊನೇ ಭಾನುವಾರ ಕರ್ಕೊಂಡು ಹೋಗೋಕೆ ಬರ್ತಾರೆ. ಅಷ್ಟರಲ್ಲಿ ಕಾರು ಬೆಟ್ಟ ಹತ್ತಿದ್ರೆ ನಾನಿಲ್ಲಿ, ಇಲ್ಲಾಂದ್ರೆ ಅಲ್ಲಿ."

"ಮೇಲಿನ ಹಳ್ಳಿಯವರು?"

"ಮೊದಲಿನ ಹಾಗೇ ಕಣ್ಣು ಕಿರಿದು ಮಾಡ್ಕೊಂಡು ಇರ್ತಾರೆ."

ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಆ ಸಮಾಧಾನವೇ ನನ್ನನ್ನು ತಟ್ಟಿತು. ಆಗುತ್ತದೆ ಎಂದು ಬಾಯಿಬಿಟ್ಟೆ; ಆಗುತ್ತದೋ ಇಲ್ಲವೋ ನನಗಿನ್ನೂ ತಿಳಿದಿರಲಿಲ್ಲ.

ಅಂದಿನಿಂದ ಪ್ರತಿ ಸಂಜೆಯೂ ಅವರು ಬರತೊಡಗಿದರು. ಕೂಲಿಯಲ್ಲಿ ಸ್ವಲ್ಪವಾದರೂ ಉಳಿಯಲೆಂದು ಕೊಳೆ ಕೆರೆಯುವ ಕೆಲಸವನ್ನು ತಾವೇ ವಹಿಸಿಕೊಂಡರು. ಗಾಜು ಒರೆಸುವ ಮೆತ್ತನೆಯ ಬಟ್ಟೆಯಿಂದ ಒಂದೊಂದು ನಟ್ಟನ್ನೂ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸಾಲಾಗಿ ಇಡುತ್ತಿದ್ದರು.

"ನಟ್ಟಿಗೂ ಕಣ್ಣು ಪರೀಕ್ಷೆನಾ?"

"ಮೂಗಿದ್ದಿದ್ರೆ ಕನ್ನಡಕಾನೂ ಹಾಕ್ತಿದ್ದೆ."

ನಾನು ನಗು ತಡೆದುಕೊಂಡು ಲೇತಿನ ಕಡೆ ತಿರುಗುತ್ತಿದ್ದೆ. ಒಮ್ಮೆ ಹಾಗೆ ತಿರುಗಿದಾಗ, "ಸ್ವಲ್ಪ ಅಲ್ಲಾಡಬೇಡಿ," ಎಂದರು. ನನ್ನ ಜಡೆಯಲ್ಲಿ ಸಿಕ್ಕಿಕೊಂಡಿದ್ದ ಲೋಹದ ಸುರುಳಿಯೊಂದನ್ನು ಎರಡೇ ಬೆರಳಿನಿಂದ, ಕೂದಲೂ ಅಲುಗದಂತೆ ಬಿಡಿಸಿ ತೆಗೆದರು. ಬೆಳ್ಳಿಯ ಬಳ್ಳಿಯಂತಿದ್ದ ಅದು ಅವರ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು. ಹೊರಗೆ ಕುಳಿತಿದ್ದ ಅಪ್ಪ ಅಗತ್ಯಕ್ಕಿಂತ ಗಟ್ಟಿಯಾಗಿ ಕೆಮ್ಮಿದರು.

ಅಂದಿನಿಂದ ಆ ಕಾರು ನನ್ನ ಪಾಲಿಗೆ ಗಿರಾಕಿಯ ಕಾರಾಗಿ ಉಳಿಯಲಿಲ್ಲ. ಅದು ಬೆಟ್ಟ ಹತ್ತದಿದ್ದರೆ ಈ ಮೆಲುದನಿ ಸಮುದ್ರದ ಕಡೆ ಹೊರಟುಹೋಗುತ್ತದೆ ಎಂಬುದು ಲೇತು ತಿರುಗುವಾಗಲೆಲ್ಲ ನನ್ನ ಎದೆಯಲ್ಲಿಯೂ ತಿರುಗುತ್ತಿತ್ತು.

ಪ್ಲೇಟಿಗಾಗಿ ಅಪ್ಪ ತಮ್ಮ ಬಹುಕಾಲದ ಆಸ್ತಿಯೊಂದನ್ನು ಹೊರತೆಗೆದರು. ಬೀರುವಿನ ಹಿಂದೆ ಗೋಣಿ ಸುತ್ತಿ ಇಟ್ಟಿದ್ದ ಆ ದಪ್ಪ ಅಲ್ಯುಮಿನಿಯಂ ಹಲಗೆಯಂಥದ್ದು ನಮ್ಮಲ್ಲಿ ಇನ್ನೊಂದಿರಲಿಲ್ಲ. ಕೊಳ್ಳುವ ಮಾತಂತೂ ದೂರ. ಅದರಲ್ಲಿ ಎರಡು ಬಗೆಯ ತೂತುಗಳಾಗಬೇಕು: ಒಂದು ಗುಂಪು ಗೇರ್‌ಬಾಕ್ಸಿಗೆ, ಇನ್ನೊಂದು ಎಂಜಿನ್ನಿಗೆ. ಗೇರ್‌ಬಾಕ್ಸು ನನ್ನ ಬೆಂಚಿನ ಮೇಲೆಯೇ ಇತ್ತು. ಎಂಜಿನ್ನು ಮಾತ್ರ ಅವರ ಮನೆಯ ಮುಂಕೋಣೆಯಲ್ಲಿ, ಬೆನ್ನನ್ನು ಗೋಡೆಗೆ ಮಾಡಿ ಕುಳಿತಿತ್ತು. ಅದನ್ನು ಒಬ್ಬರೇ ತಿರುಗಿಸುವಂತಿರಲಿಲ್ಲ. ಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ಅವರು ಒಂದು ಕನ್ನಡಿ ಇಳಿಸಿ, ಬೋಲ್ಟಿನ ತೂತುಗಳ ಜಾಗವನ್ನು ಅದರಲ್ಲಿ ನೋಡಿ, ಅಳತೆ ಹಿಡಿದು, ರಟ್ಟಿನ ಮೇಲೆ ಬರೆದು ತಂದರು.

"ಕನ್ನಡಿಯಲ್ಲಿ ನೋಡಿ ಬರೆದದ್ದು," ಎಂದು ರಟ್ಟನ್ನು ನನ್ನ ಕೈಗಿತ್ತರು.

ಅಷ್ಟೇ ಹೇಳಿದರು. ಅಷ್ಟನ್ನೇ ನಾನು ಕೇಳಿದೆ.

ಪ್ಲೇಟು ಸಿದ್ಧವಾದ ದಿನ ಎಂಜಿನ್ನನ್ನು ಕೈಗಾಡಿಯಲ್ಲಿ ತಂದು ಸರಪಳಿಗೆ ತೂಗುಹಾಕಿದೆವು. ಪ್ಲೇಟು ಗೇರ್‌ಬಾಕ್ಸಿಗೆ ಕೈಗವಸಿನಂತೆ ಕೂತಿತು. ಎಂಜಿನ್ನಿಗೆ ಹಿಡಿದೆ. ಮೇಲಿನ ಬೋಲ್ಟು ಹೋಯಿತು, ಉಳಿದವು ಹೋಗಲಿಲ್ಲ. ಎಡಕ್ಕಿರಬೇಕಾದ ತೂತುಗಳು ಬಲಕ್ಕಿದ್ದವು, ಬಲದವು ಎಡಕ್ಕೆ.

ಪ್ಲೇಟನ್ನು ಮಗುಚಿ ಹಿಡಿದರೆ ಗೇರ್‌ಬಾಕ್ಸಿನ ತೂತುಗಳು ತಪ್ಪುತ್ತಿದ್ದವು.

"ರಟ್ಟನ್ನ ತಿರುವಿ ಹಾಕಿದ್ರಾ?" ಎಂದರು ಅವರು, ಪ್ಲೇಟನ್ನೇ ನೋಡುತ್ತ.

"ಹಾಕಲೇಬೇಕಲ್ಲ. ಕನ್ನಡಿಯಲ್ಲಿ ನೋಡಿ ಬರೆದದ್ದು ಅಂದ್ರಿ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗಿರುತ್ತೆ ಅಂತ ತಿರುವಿದೆ."

"ಅಯ್ಯೋ. ನಾನು ಬರೆಯುವಾಗಲೇ ಸರಿ ಮಾಡಿದ್ದೆ. ನನ್ನ ಕೋಣೆ ಚಿಕ್ಕದು ನೋಡಿ, ಅಕ್ಷರದ ಬೋರ್ಡು ಉಲ್ಟಾ ಬರೆಸಿ ಎದುರಿನ ಕನ್ನಡಿಯಲ್ಲಿ ಓದಿಸ್ತೀನಿ. ದಿನವಿಡೀ ಅದೇ ಕೆಲಸ. ಕನ್ನಡಿ ಕಂಡ್ರೆ ನನ್ನ ತಲೆ ತಾನಾಗೇ ತಿರುವಿಬಿಡುತ್ತೆ."

"ಅದನ್ನ ಹೇಳಬೇಕು ತಾನೇ?"

"ನಿಮಗ್ಯಾಕೆ ಆ ತಲೆನೋವು ಅಂತ."

"ನಾನೂ ಅದಕ್ಕೇ ಕೇಳ್ಲಿಲ್ಲ. ಪಾಪ, ಇವರಿಗ್ಯಾಕೆ ಇನ್ನೊಂದ್ಸಲ ಬರೆಸೋದು ಅಂತ."

ಅಪ್ಪ ಕುರ್ಚಿಯಿಂದ ಎದ್ದು ಬಂದರು. ಪ್ಲೇಟನ್ನೂ ನಮ್ಮ ಮುಖಗಳನ್ನೂ ಒಮ್ಮೆ ನೋಡಿದರು.

"ಭೇಷ್. ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡೋಕೆ ಹೋಗಿ ನನ್ನ ಹಲಗೆಗೆ ಗತಿ ಕಾಣಿಸಿದ್ರಿ. ಮನಸ್ಸಲ್ಲೇ ಮಾತಾಡ್ಕೊಂಡ್ರೆ ಹೀಗೇ ಆಗೋದು, ಮಗಳೇ."

ಕನ್ನಡಕದವರು ನಗಲಿಲ್ಲ. ಕೈ ಒರೆಸಿಕೊಂಡು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟರು. "ಹೋಗಲಿ ಬಿಡಿ. ನೀವು ಕೈಲಾದ್ದೆಲ್ಲ ಮಾಡಿದ್ರಿ. ಭಾನುವಾರ ದೂರ ಇಲ್ಲ," ಎಂದರು. ಆ ಮಡಿಕೆಗಳನ್ನು ನೋಡಿ ನನಗೆ ರೇಗಿತು. ಹೊರಡುವವನು ಸಾಮಾನು ಕಟ್ಟುವ ಹಾಗಿತ್ತು ಅದು.

"ಆ ಮಡಿಕೆ ಬಿಚ್ಚಿ," ಎಂದೆ. "ಕೆಲಸ ಇದೆ."

ತಪ್ಪು ತೂತುಗಳನ್ನೆಲ್ಲ ಅಗಲಿಸಿ, ಒಳಗೆ ತಿರುಪಿನ ಎಳೆ ಕಡೆದೆ. ಅದಕ್ಕೆ ತಕ್ಕ ಬಿರಡೆಗಳನ್ನು ಲೇತಿನಲ್ಲಿ ತಿರುವಿ, ಒಂದೊಂದನ್ನೂ ಬಿಗಿದು, ಮೇಲ್ಮೈಗೆ ಸಮನಾಗಿ ನುಣುಪುಮಾಡಿದೆ. ಬೆರಳಾಡಿಸಿದರೂ ಬಿರಡೆ ಯಾವುದು, ಹಲಗೆ ಯಾವುದು ತಿಳಿಯಬಾರದು, ತಿಳಿಯಲಿಲ್ಲ. ಹೊಸ ತೂತುಗಳ ಜಾಗವನ್ನು ಈ ಸಲ ರಟ್ಟಿನಿಂದಲ್ಲ, ಎಂಜಿನ್ನಿನ ಬೆನ್ನಿಗೇ ಪ್ಲೇಟನ್ನು ಒತ್ತಿ ಗುರುತು ಮಾಡಿಕೊಂಡೆ. ಅವರು ದೀಪ ಹಿಡಿದರು. ನಾನು ಗುರುತನ್ನು ಗಟ್ಟಿಯಾಗಿ ಹೇಳುತ್ತಿದ್ದೆ, ಅವರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದರು. ಬೀದಿಯವರಿಗೆ ನಾವು ಪಾಠ ಒಪ್ಪಿಸುವ ಮಕ್ಕಳಂತೆ ಕೇಳಿಸಿರಬೇಕು.

ಕೊನೆಗೆ ಪರೀಕ್ಷೆ. ಎಂಜಿನ್ನಿನ ನಡುಬಿಂದುವೂ ಗೇರ್‌ಬಾಕ್ಸಿನ ನಡುಬಿಂದುವೂ ಒಂದೇ ರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ಸರಿದರೂ ಕಾರು ಬೆಟ್ಟದ ಬುಡದಲ್ಲಿಯೇ ತನ್ನನ್ನು ತಾನು ತಿಂದುಕೊಳ್ಳುತ್ತದೆ. ಇದನ್ನು ಹೇಳಲು ಕೈಗಡಿಯಾರದಂಥ ಒಂದು ಉಪಕರಣವಿದೆ. ಅದನ್ನು ಎಂಜಿನ್ನಿನ ಚಕ್ರಕ್ಕೆ ಕಟ್ಟಿ, ಅದರ ಮೊನೆಯನ್ನು ಗೇರ್‌ಬಾಕ್ಸಿನ ಬಾಯಂಚಿಗೆ ತಾಗಿಸಿದೆ. "ನಿಧಾನವಾಗಿ ತಿರುಗಿಸಿ," ಎಂದೆ. ಅವರು ತಿರುಗಿಸಿದರು. ಚಕ್ರ ಒಂದು ಸುತ್ತು ಪೂರ್ತಿ ಬಂತು. ಮುಳ್ಳು ನಿಂತಲ್ಲಿಯೇ ನಿಂತಿತ್ತು.

ಇನ್ನೊಂದು ಸುತ್ತು. ಮುಳ್ಳು ಅಲುಗಲಿಲ್ಲ.

ಒಬ್ಬರನ್ನೊಬ್ಬರು ಕಾಣದೆ, ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕಾಲದಲ್ಲಿ ದುಡಿದ ಕೈಗಳು ಎರಕ ಹೊಯ್ದ ಎರಡು ಲೋಹಗಳು ಒಂದೇ ನಡುಬಿಂದುವಿನಲ್ಲಿ ಕೂಡಿದ್ದವು. ಅಪ್ಪನ ನಡುಗುವ ಕೈ ನನ್ನ ನೆತ್ತಿಯ ಮೇಲೆ ಬಂದು ಕೂತಿತು. ನಾವು ಮೂವರೂ ಆ ನಿಶ್ಚಲವಾದ ಪುಟ್ಟ ಮುಳ್ಳನ್ನು, ಮಲಗಿದ ಮಗುವನ್ನು ನೋಡುವವರಂತೆ, ಉಸಿರು ಹಿಡಿದು ನೋಡುತ್ತ ನಿಂತೆವು.

ಶನಿವಾರ ಬೆಳಿಗ್ಗೆ ಕಾರು ಬೀದಿಗಿಳಿಯಿತು. ಅಪ್ಪ ಕೇಳದೆಯೇ ಹಿಂದಿನ ಸೀಟು ಹಿಡಿದರು. "ಭಾರ ಬೇಕಲ್ಲಪ್ಪಾ ಪರೀಕ್ಷೆಗೆ," ಎಂದು ವಿವರಣೆ ಕೊಟ್ಟರು. ಪೇಟೆ ದಾಟಿ ಏರು ಮೊದಲಾಯಿತು. ಹಳೆಯ ಎಂಜಿನ್ನು ಕುದಿದು ನಿಲ್ಲುತ್ತಿದ್ದ ತಿರುವು ಬಂದಾಗ ಕನ್ನಡಕದವರ ಬೆರಳುಗಳು ಸ್ಟಿಯರಿಂಗಿನ ಮೇಲೆ ಬಿಳಿಚಿದವು. ಕಾರು ಒಮ್ಮೆ ತಗ್ಗಿನ ದನಿಯಲ್ಲಿ ಗುನುಗಿ, ಏನೂ ಆಗಿಲ್ಲವೆಂಬಂತೆ ಮೇಲಕ್ಕೆ ಸಾಗಿತು. ನಾನು ಪಾದದಡಿಯ ತಗಡಿನ ಕಂಪನವನ್ನೇ ಆಲಿಸುತ್ತಿದ್ದೆ. ಅದರಲ್ಲಿ ಒಂದು ಒಡಕೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಆದದ್ದು ಹೆಮ್ಮೆಯಲ್ಲ. ಇಷ್ಟು ದೊಡ್ಡದಾದ ಒಂದು ಬೆಟ್ಟ, ನನ್ನ ಕೈಯ ಅಷ್ಟು ಚಿಕ್ಕದಾದ ಒಂದು ಕೆಲಸಕ್ಕೆ ತಲೆಬಾಗಿ ಕೆಳಗಿಳಿಯುತ್ತಿದೆ ಎಂಬ ಬೆರಗು.

ತುದಿಯಲ್ಲಿ ಕಾರು ನಿಲ್ಲಿಸಿದರು. ಅಪ್ಪ ಇಳಿದು, ಬಾನೆಟ್ಟು ಎತ್ತಿ, ಅದರೊಳಗೆ ತಲೆ ಹಾಕಿದರು.

"ನೀರು ನೋಡ್ತೀನಿ. ನಿಧಾನ ಆಗುತ್ತೆ."

ಕನ್ನಡಕದವರು ಹಿಂದಿನಿಂದ ಒಂದು ಪೆಟ್ಟಿಗೆ ತಂದರು. "ಕೂತ್ಕೊಳ್ಳಿ. ನಿಮ್ಮ ಕಣ್ಣು ನೋಡಬೇಕು."

"ನನ್ನ ಕಣ್ಣಿಗೇನಾಗಿದೆ? ಕೂದಲೆಳೇಲಿ ಅರ್ಧ ಕಾಣುತ್ತೆ ನಂಗೆ."

"ಹತ್ತಿರದ್ದು ಕಾಣುತ್ತೆ. ನಿಮ್ಮಂಥ ಕಣ್ಣು ನಾನು ನೋಡೇ ಇಲ್ಲ. ಆದ್ರೆ ಬಾಗಿಲಲ್ಲಿ ನಿಂತು ಎಷ್ಟು ನಕ್ರೂ ನೀವು ತಿರುಗಿ ನಗ್ತಿರ್ಲಿಲ್ಲ. ಬಹಳ ಬಿಗುಮಾನ ಅಂದ್ಕೊಂಡೆ. ಬೆಂಚಿನ ಹತ್ರ ಬಂದ್ಮೇಲೆ ನಗ್ತಿದ್ರಿ."

ನಾನು ಕುಳಿತೆ. ಭಾರವಾದ ಚೌಕಟ್ಟೊಂದನ್ನು ನನ್ನ ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಇಳಿಸುತ್ತ ಹೋದರು. "ಇದು ಚೆನ್ನಾಗಿದೆಯಾ, ಅದಾ?" ಅವರ ಉಸಿರು ನನ್ನ ಹಣೆಗೆ ತಾಗುತ್ತಿತ್ತು. "ಈಗ ಎದುರಿಗೆ ನೋಡಿ."

ನೋಡಿದೆ.

ಎದುರಿನ ಗುಡ್ಡ ಹಸಿರು ಬಣ್ಣ ಬಳಿದದ್ದಾಗಿರಲಿಲ್ಲ, ಅದು ಮರಗಳು. ಮರಗಳಲ್ಲಿ ಎಲೆಗಳಿದ್ದವು; ಗಾಳಿ ಬಂದರೆ ಎಲೆಗಳು ಮಗುಚಿ ಬೆಳ್ಳಗಾಗುತ್ತಿದ್ದವು. ಕಣಿವೆಯ ತಳದಲ್ಲಿ ನೀರು ಹರಿಯುತ್ತಿತ್ತು, ಅದರ ಪಕ್ಕದಲ್ಲಿ ಯಾರೋ ಒಬ್ಬರು ಕೆಂಪು ಬಟ್ಟೆ ಒಣಹಾಕುತ್ತಿದ್ದರು. ಅದರಾಚೆ ಒಂದು ಬೆಟ್ಟ, ಅದರಾಚೆಗೂ ಒಂದು, ನಾನು ಇಷ್ಟು ಕಾಲ ಆಕಾಶವೆಂದು ತಿಳಿದಿದ್ದದ್ದು ಇನ್ನೂ ಒಂದು ಬೆಟ್ಟ. ಜಗತ್ತು ದೂರದಲ್ಲಿ ಎಲ್ಲರಿಗೂ ಮಂಜಾಗಿಯೇ ಇರುತ್ತದೆಂದು ನಾನು ನಂಬಿದ್ದೆ. ಅದು ಅಲ್ಲಿ, ಅಷ್ಟು ದೂರದಲ್ಲಿಯೂ, ಲೇತಿನಿಂದ ಆಗತಾನೇ ತೆಗೆದಂತೆ ಅಂಚು ಅಂಚಾಗಿ ನಿಂತಿತ್ತು. ಕೆನ್ನೆ ಒದ್ದೆಯಾದದ್ದು ತಿಳಿದದ್ದೇ ಚೌಕಟ್ಟು ಜಾರಿದಾಗ.

ಅವರು ಹಿಂದಕ್ಕೆ ಹೆಜ್ಜೆಯಿಡುತ್ತ ರಸ್ತೆಯ ಆ ಬದಿಗೆ ಹೋಗಿ ನಿಂತರು. ಅಷ್ಟು ದೂರದಿಂದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಿದ್ದಾರೆಂದುಕೊಂಡಿದ್ದೆ. ಇಲ್ಲ, ಹೆದರಿಕೊಂಡಿದ್ದರು.

"ನಾಳೆ ಭಾವ ಬರ್ತಾರೆ," ಎಂದರು ಅಲ್ಲಿಂದಲೇ. "ಕಾರು ಹತ್ತಿತು ಅಂತ ಹೇಳಿದ್ರೆ ಸಾಲದು. ಕಾರು ಇದ್ರೆ ಸಾಕಾ, ಇಲ್ಲಿ ನಿನಗೆ ಯಾರಿದ್ದಾರೆ ಅಂತ ಕೇಳ್ತಾರೆ. ಏನು ಹೇಳ್ಲಿ?"

"ನೀವೇನೂ ಹೇಳಬೇಡಿ. ಬಂದವರನ್ನ ನಮ್ಮ ಮನೆಗೆ ಊಟಕ್ಕೆ ಕರ್ಕೊಂಡು ಬನ್ನಿ. ನಾನಿದ್ದೀನಿ, ಇವರನ್ನ ಕಳಿಸಲ್ಲ ಅಂತ ನಾನೇ ಹೇಳ್ತೀನಿ."

"ನೀವು ಯಾರು ಅಂತ ಕೇಳಿದ್ರೆ?"

"ಇವರ ಹೆಂಡತಿ ಆಗೋಳು ಅಂತೀನಿ. ಬೇಡ ಅನ್ನೋದಾದ್ರೆ ಈಗಲೇ ಹೇಳಿ. ಮುಖ ಕಾಣ್ತಿದೆ ನಂಗೆ, ಸುಳ್ಳು ಹೇಳೋಕಾಗಲ್ಲ."

ಅವರು ಬೇಡವೆನ್ನಲಿಲ್ಲ. ರಸ್ತೆ ದಾಟಿ ಬಂದು, ನನ್ನ ಮಸಿ ಹಿಡಿದ ಎರಡೂ ಕೈಗಳನ್ನು ಹಿಡಿದು, ಅವುಗಳಲ್ಲಿ ಮುಖ ಮುಚ್ಚಿಕೊಂಡರು.

"ನೀರು ಸರಿಯಾಗಿದೆ," ಎಂದರು ಅಪ್ಪ, ಬಾನೆಟ್ಟಿನೊಳಗಿನಿಂದ. "ಆದ್ರೂ ಇನ್ನೊಂದ್ಸಲ ನೋಡ್ತೀನಿ."

ಇಷ್ಟು ಹೇಳಿ ಕಥೆ ನಿಲ್ಲಿಸಿದೆ. ನನ್ನ ಮೊಮ್ಮಗಳು ಗಲ್ಲಕ್ಕೆ ಕೈಕೊಟ್ಟು ಕುಳಿತವಳು ಅಲುಗಲಿಲ್ಲ. ಕಣ್ಣು ಮಿಟುಕಿಸುವುದನ್ನೂ ಮರೆತಂತಿದ್ದಳು.

"ಅಜ್ಜಿ," ಎಂದಳು ಕೊನೆಗೆ. "ಗುಡ್ಡದಲ್ಲಿ ಮರ ಕಾಣ್ತು ಅಂದ್ರಲ್ಲ, ಮರದಲ್ಲಿ ಎಲೆ. ಅಲ್ಲಿಂದ ಇನ್ನೊಂದ್ಸಲ ಹೇಳಿ. ನಿಧಾನವಾಗಿ."